ಕರಜಗಿಯ ತೂಕದ ಕಾಟಾ

ಕರಜಗಿಯಲ್ಲಿ ಕಬ್ಬಿನ ಟ್ರ್ಯಾಕ್ಟರು ತೂಗುವ ಅಮರನಾಥನ ಕಾಟಾಕ್ಕೆ ಪ್ರೋಗ್ರಾಂ ಬರೆದುಕೊಟ್ಟವಳು ಅಫಜಲಪುರದ ಮಹಾನಂದಾ. ಅದು ಸರಿಯಾಗಿ ಓಡತೊಡಗಿದ್ದೇ ತಡ, "ಪ್ರೋಗ್ರಾಂ ನಮ್ಮ ಮಷಿನ್ನಾಗ ಐತಿ. ಇನ್ನ ನಿನ್ನ ಹಂಗ್ಯಾಕ ಬೇ?" ಎಂದು ಅವನು ಹಮಾಲರೆದುರೇ ಅವಳನ್ನು ಹೊರಗೆ ಹಾಕಿದ.

ಅವನ ಬಳಿ ಉಳಿದದ್ದು ಆ ಮಷಿನ್ನಿನ ಹಳೆಯ ಆಪರೇಟಿಂಗ್ ಸಿಸ್ಟಂಗೆಂದೇ ಕಟ್ಟಿದ ಸಿದ್ಧ ಫೈಲು ಮಾತ್ರ. ಅದನ್ನು ಬೇರೆ ಸಿಸ್ಟಂಗೆ ಹೊಸದಾಗಿ ಕಟ್ಟಲು ಬೇಕಾದ ಮೂಲ ಕೋಡ್ ಮಹಾನಂದಾಳಲ್ಲೇ ಇತ್ತು. ಅವನ ಮಾತು ವರ್ಷಗಟ್ಟಲೆ ಅವಳ ಎದೆ ಕೊರೆಯುತ್ತಿತ್ತು.

ಈ ದೀಪಾವಳಿ ಪಾಡ್ಯಕ್ಕೆ ಅಮರನಾಥ ಹೊಸ ಕಂಪ್ಯೂಟರ್ ತಂದ. ಫೈಲನ್ನು ಪೆನ್‌ಡ್ರೈವಿಗೆ ಹಾಕಿಕೊಂಡು, ಹಳೆಯ ಮಷಿನ್ನನ್ನು ಗುಜರಿಗೆ ಕೊಟ್ಟು, ಹೊಸದರ ಮುಂದೆ ಕಾಯಿ ಒಡೆದ. ಹೊಸ ಸಿಸ್ಟಂನಲ್ಲಿ ಫೈಲು ತೆರೆಯಲೇ ಇಲ್ಲ. ಟ್ರ್ಯಾಕ್ಟರುಗಳು ರಸ್ತೆಯುದ್ದಕ್ಕೂ ನಿಂತವು.

ಮರುದಿನ ಅವನು ಅಫಜಲಪುರದಲ್ಲಿದ್ದ ಅವಳ ಕಂಪ್ಯೂಟರ್ ಅಂಗಡಿಯ ಮೆಟ್ಟಿಲೇರಿದ. "ಅಕ್ಕಾರ, ಹೊಸಾದಕ್ಕ ಹೊಂದೂ ಹಂಗ ಮಾಡಿಕೊಡ್ರಿ."

ಮಹಾನಂದಾ ಚಹಾ ತರಿಸಿದಳು. ಅವನು ಕುಡಿದು ಮುಗಿಸುವವರೆಗೂ ಕಾದಳು.

"ಮಾಡಿ ಇಟ್ಟೇನ್ರಿ," ಎಂದಳು. "ಹೋದ ವಾರಾನ ನಿಮ್ಮ ಎದುರಿನ ಕಾಟಾಕ್ಕ ಹಾಕಿಕೊಟ್ಟೇನಿ. ಟ್ರ್ಯಾಕ್ಟರಿನವ್ರಿಗೆ ಅಲ್ಲಿಗೇ ಹೋಗಾಕ ಹೇಳ್ರಿ."