ಹದಿನಾಲ್ಕನೆಯ ಫೋಟೋ

ತೇರದಾಳದ ಭರತೇಶ ಮಾಸ್ತರರು ಬನಹಟ್ಟಿಯ ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುತ್ತಿದ್ದರು. ಅವರಿಗಿದ್ದ ಹವ್ಯಾಸ ಒಂದೇ. ಪರಿಚಯದವರ ಮನೆಯಲ್ಲಿ ಮದುವೆ, ನಿವೃತ್ತಿ, ಏನೇ ಇದ್ದರೂ ಹಳೆಯ ಫೋಟೋಗಳನ್ನು ಕೇಳಿ ತಂದು, ಸ್ಕ್ಯಾನ್ ಮಾಡಿ, ಒಂದರ ಹಿಂದೊಂದು ಜೋಡಿಸಿ, ಕೆಳಗೆ ಎರಡು ಸಾಲು ಬರೆದು, ಕೊಳಲಿನ ನಾದ ಹಾಕಿ ಸ್ಲೈಡ್‌ಶೋ ಮಾಡಿಕೊಡುತ್ತಿದ್ದರು. ಯಾರೂ ಕೇಳಿರುತ್ತಿರಲಿಲ್ಲ. ಕೊಟ್ಟಾಗ ಬೇಡವೆಂದವರೂ ಇರಲಿಲ್ಲ.

ಶಾಲೆಯ ಹಿಂದಿನ ಪವರ್‌ಲೂಮ್ ಕಾರ್ಖಾನೆಯಲ್ಲಿ ಚನಮಲ್ಲಪ್ಪ ಮೂವತ್ತೆಂಟು ವರ್ಷ ಮಗ್ಗ ರಿಪೇರಿ ಮಾಡಿದವರು. ಅವರ ಬೀಳ್ಕೊಡುಗೆಗೆಂದು ಮಾಸ್ತರರು ಇಪ್ಪತ್ತೆರಡು ಫೋಟೋ ಜೋಡಿಸಿದರು. ಮನೆಯ ಕಂಪ್ಯೂಟರಿನಲ್ಲಿ ಹನ್ನೊಂದು ಸಲ ಓಡಿಸಿ ನೋಡಿದರು. ಹನ್ನೊಂದು ಸಲವೂ ಸರಿಯಾಗಿತ್ತು. ಪೆನ್‌ಡ್ರೈವಿಗೆ ಹಾಕಿಕೊಂಡು ಭಾನುವಾರ ಬನಹಟ್ಟಿಯ ಬಸ್ಸು ಹತ್ತಿದರು.

ಸಭೆಗೆ ತಂದಿಟ್ಟಿದ್ದು ಕಾರ್ಖಾನೆ ಮಾಲೀಕರ ಮಗಳು ಮಾನಸಿಯ ಲ್ಯಾಪ್‌ಟಾಪ್. ಅದು ಬೇರೆಯೇ ಜಾತಿಯದು. ಪ್ರೊಜೆಕ್ಟರ್ ಹಚ್ಚಿದಾಗ ಗೋಡೆಯ ಮೇಲೆ ಒಂದು ಬಿಳಿ ಚೌಕ ಮೂಡಿತು, ಅದರ ಮೂಲೆಯಲ್ಲಿ ಕೆಂಪು ಗುಣಾಕಾರದ ಗುರುತು. ಕೆಳಗೆ ಮಾಸ್ತರರು ಕನ್ನಡದಲ್ಲಿ ಬರೆದಿದ್ದ ಸಾಲುಗಳು ಇಂಗ್ಲಿಷ್ ಅಕ್ಷರ, ಚುಕ್ಕಿ, ಕೊಕ್ಕೆಗಳಾಗಿ ಬಂದಿದ್ದವು. ಕೊಳಲು ಬರಲೇ ಇಲ್ಲ.

"ಫೋಟೋ ಇದರಾಗ ಬಂದ ಇಲ್ಲರಿ ಮಾಸ್ತರ," ಎಂದಳು ಮಾನಸಿ. "ಬರೇ ಅವು ಇದ್ದ ಜಾಗಾದ ವಿಳಾಸ ಬಂದೈತಿ. ಫೋಟೋ ಎಲ್ಲಾ ನಿಮ್ಮ ಮನಿ ಕಂಪ್ಯೂಟರ್‌ನ್ಯಾಗ ಉಳದಾವು. ನಿಮ್ಮ ಅಕ್ಷರಾನೂ ಇದಕ್ಕ ಗೊತ್ತಿಲ್ಲ."

ನೂರಿಪ್ಪತ್ತು ಜನ ಗೋಡೆ ನೋಡುತ್ತ ಕುಳಿತಿದ್ದರು. ಮಾಸ್ತರರು ಮೈಕು ತೆಗೆದುಕೊಂಡರು.

"ಇದು ಮೊದಲನೇ ಫೋಟೋರಿ. ಎಂಬತ್ತಾರನೇ ಇಸ್ವಿ. ಎಡಕ್ಕ ನಿಂತಾವ್ರು ಚನಮಲ್ಲಪ್ಪನವರು. ತಲಿ ತುಂಬ ಕೂದಲ ಅದಾವು."

ಜನ ಚೌಕದ ಎಡಗಡೆ ನೋಡಿದರು. ಯಾರೋ ನಕ್ಕರು.

ಹೀಗೇ ಒಂದೊಂದಾಗಿ ಸಾಗಿತು. ಏಳನೆಯದಕ್ಕೆ ನೇಕಾರ ವಿಠೋಬಾ ಎದ್ದು ನಿಂತು, "ಅದರಾಗ ನಾ ಎಲ್ಲಿ ಅದೀನ್ರಿ?" ಎಂದು ಕೇಳಿದ.

"ಚನಮಲ್ಲಪ್ಪನವರ ಹಿಂದ. ಅರ್ಧಾ ಮುಖ ಕಾಣತೈತಿ."

"ಯಾವಾಗಲೂ ನಂದು ಹಿಂಗ ಆಕ್ಕೈತಿ," ಎಂದು ವಿಠೋಬಾ ಬೇಸರದಿಂದ ಕುಳಿತ.

ಹದಿಮೂರು ಮುಗಿದಾಗ ಚನಮಲ್ಲಪ್ಪನ ಹೆಂಡತಿ ಕಸ್ತೂರೆವ್ವ ಮುಂದಿನ ಸಾಲಿನಿಂದ ಕೇಳಿದರು. "ಮಾಸ್ತರ, ನಾ ಯಾವದರಾಗೂ ಇಲ್ಲೇನ್ರಿ?"

ಅದೇ ಕಾರ್ಖಾನೆಯ ಮಗ್ಗಗಳಿಗೆ ಅವರು ಅಷ್ಟೂ ವರ್ಷ ಮನೆಯಲ್ಲಿ ಕುಳಿತು ರಾಟಿಯಿಂದ ಕಂಡಿಕೆಗೆ, ಅಂದರೆ ಲಾಳಿಯೊಳಗೆ ಕೂರುವ ಕೊಳವೆಗೆ, ನೂಲು ಸುತ್ತಿಕೊಟ್ಟವರು.

"ಏ, ಕಾರ್ಖಾನಿ ಫೋಟೋದಾಗ ನೀ ಹೆಂಗ ಇರತಿ? ಸುಮ್ಮ ಕುಂದ್ರ," ಎಂದರು ಚನಮಲ್ಲಪ್ಪ.

ಹದಿನಾಲ್ಕನೆಯದು ಕಾರ್ಖಾನೆಯ ಗೇಟಿನ ಫೋಟೋ. ಸುಳ್ಳು ಹೇಳಿದ ನೆನಪು ಮಾಸ್ತರರಿಗೆ ಇರಲಿಲ್ಲ. ಅವರು ಬಿಳಿ ಚೌಕವನ್ನು ಸ್ವಲ್ಪ ಹೊತ್ತು ನೋಡಿದರು.

"ಇದರಾಗ ಅದೀರಿ. ಕಂಡಿಕಿ ಸುತ್ತಾಕತ್ತೀರಿ."

"ಸೀರಿ ಯಾವದೈತ್ರಿ?"

"ಹಸರ."

ಜನ ಚಪ್ಪಾಳೆ ತಟ್ಟಿದರು. ಉಳಿದ ಎಂಟು ಫೋಟೋಗಳನ್ನು ಮಾಸ್ತರರು ಬೇಗಬೇಗ ಹೇಳಿ ಮುಗಿಸಿದರು.

ಮರುದಿನ ಕಸ್ತೂರೆವ್ವನ ಮಗಳು ಅಕ್ಷತಾ ಫೋನ್ ಮಾಡಿದಳು. "ಅವ್ವಾ ಆ ಫೋಟೋ ನೋಡಬೇಕಂತಾಳ್ರಿ. ನಮ್ಮ ಲ್ಯಾಪ್‌ಟಾಪ್‌ನ್ಯಾಗೂ ನಡಿಯೂಹಂಗ ಮಾಡಿ ಕೊಡ್ರಿ."

ಮಾಸ್ತರರು ಮಾನಸಿಯನ್ನು ಕೇಳಿ ಕಲಿತರು. ಅಕ್ಷರಗಳನ್ನು ಚಿತ್ರದೊಳಗೇ ಸೇರಿಸಿ, ಕೊಳಲನ್ನೂ ಕೂಡಿಸಿ, ಎಲ್ಲವನ್ನೂ ಒಂದೇ ವಿಡಿಯೋ ಮಾಡಿಬಿಟ್ಟರೆ ಯಾವ ಕಂಪ್ಯೂಟರೂ ತಕರಾರು ಮಾಡುವುದಿಲ್ಲ. ಇಪ್ಪತ್ತೊಂದು ಫೋಟೋಗಳ ಸಮಸ್ಯೆ ಹೀಗೆ ಬಗೆಹರಿಯಿತು. ಇನ್ನೊಂದಕ್ಕಾಗಿ ಅವರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನ, ಮನೆಗೆ ಬರುತ್ತೇನೆಂದು ಅಕ್ಷತಾಳಿಗೆ ಫೋನ್ ಮಾಡಿ, ಕ್ಯಾಮೆರಾ ತೆಗೆದುಕೊಂಡು ಹೊರಟರು.

ಕಸ್ತೂರೆವ್ವ ಬಾಗಿಲು ತೆರೆದರು. ಹಸಿರು ಸೀರೆ ಉಟ್ಟಿದ್ದರು.

"ನನ್ನ ಕಡಿಂದ ಒಂದು ತಪ್ಪಾಗೇತ್ರಿ," ಎಂದರು ಮಾಸ್ತರರು.

"ಗೊತ್ತೈತಿ, ಒಳಗ ಬರ್ರಿ. ಇಷ್ಟು ವರ್ಷದಾಗ ನನ್ನ ಫೋಟೋ ತಗದಾವ್ರು ರೇಷನ್ ಕಾರ್ಡಿನಾವ್ರು ಅಷ್ಟ."

"ಮತ್ತ ಸೀರಿ ಯಾವದಂತ ಯಾಕ ಕೇಳಿದ್ರಿ?"

"ಯಾವದು ಉಟಗೊಂಡು ಕುಂದ್ರಬೇಕಂತ ಗೊತ್ತಾಗಬೇಕಲ್ಲರಿ."

ಅವರು ರಾಟಿಯ ಮುಂದೆ ಕುಳಿತರು. ಕ್ಯಾಮೆರಾ ನೋಡಿರೆಂದರೂ ನೋಡಲಿಲ್ಲ, ನೂಲು ಕಡಿದುಹೋಗುತ್ತದೆ ಎಂದರು. ಮಾಸ್ತರರು ಒಂಬತ್ತು ಫೋಟೋ ತೆಗೆದು, ಒಂದನ್ನು ಆರಿಸಿದರು.

ಮುಂದಿನ ಭಾನುವಾರ ಬೆಳಿಗ್ಗೆ ಅಕ್ಷತಾಳ ಲ್ಯಾಪ್‌ಟಾಪಿನಲ್ಲಿ ಸ್ಲೈಡ್‌ಶೋ ಓಡಿತು. ಅಕ್ಷರಗಳು ಅಕ್ಷರಗಳಾಗಿಯೇ ಇದ್ದವು, ಕೊಳಲೂ ಕೇಳಿಸಿತು. ಹದಿನಾಲ್ಕನೆಯದು ಬಂದಾಗ ಚನಮಲ್ಲಪ್ಪ ಕೈಯೆತ್ತಿ, "ತಡೀ, ನಿಂದರಸ," ಎಂದರು. ಮೂಗು ಪರದೆಗೆ ತಾಗುವಷ್ಟು ಬಗ್ಗಿ ನೋಡಿದರು.

"ಈ ರಾಟಿ ಗಾಲಿ ಸೊಟ್ಟ ಆಗೇತಲ್ಲ."

"ಹನ್ನೆರಡು ವರ್ಷ ಆತು," ಎಂದರು ಕಸ್ತೂರೆವ್ವ.

ಚನಮಲ್ಲಪ್ಪ ಎದ್ದು ಒಳಗೆ ಹೋಗಿ, ಮಗ್ಗ ರಿಪೇರಿಯ ಪಾನಾಗಳ ಚೀಲ ತಂದು, ರಾಟಿಯ ಮುಂದೆ ನೆಲದ ಮೇಲೆ ಕುಳಿತರು. ಸ್ಲೈಡ್‌ಶೋದಲ್ಲಿ ಇನ್ನೂ ಎಂಟು ಫೋಟೋ ಉಳಿದಿದ್ದವು.