ಬಾದನಹಟ್ಟಿಯ ಬೀಜದ ಜಡೆಮ್ಮ

ಸೂರ್ಯ ಇನ್ನೂ ಮೇಲೆ ಬಂದಿಲ್ಲ. ಬಾದನಹಟ್ಟಿಯ ಎರೆಹೊಲದಲ್ಲಿ ಆಳೆತ್ತರದ ಬಿಳಿಜೋಳ ಅಲ್ಲಲ್ಲಿ ಅಲುಗಾಡುತ್ತಿದೆ. ಒಳಗಿರುವ ಜನ ಕಾಣುವುದಿಲ್ಲ. ದನಿ ಮಾತ್ರ ಕೇಳುತ್ತದೆ.

“ಹೆಣ್ಣು ನೋಡಾಕ ಬಂದೋರಂಗ ಬರೇ ಮುಖ ನೋಡಬ್ಯಾಡ್ರಲೇ! ಮೊದಲು ಕಾಲು ನೋಡ್ರಿ.”

“ಕಾಲು ಗಟ್ಟಿ ಐತಿ ಜಡೆಮ್ಮತ್ತಿ, ತಲಿನ ಟೊಳ್ಳು.”

“ಹಂಗಾದ್ರ ಥೇಟ್ ನಿನ್ನಂಗ ಐತಿ. ಬಿಡದನ್ನ.”

ನಗು ಸಾಲಿನಿಂದ ಸಾಲಿಗೆ ದಾಟುತ್ತದೆ. ದಂಟುಗಳನ್ನು ಸರಿಸಿಕೊಂಡು ಜಡೆಮ್ಮ ಹೊರಬರುತ್ತಾರೆ. ನಲವತ್ತೈದರ ಆಸುಪಾಸು. ಮೊಣಕಾಲಿನವರೆಗೆ ಮಂಜಿನಿಂದ ತೊಯ್ದ ಸೀರೆ, ಸೊಂಟದಲ್ಲಿ ಕೆಂಪು ಚಿಂದಿಗಳ ಗಂಟು. ಒಂದು ದಂಟಿನ ಬುಡಕ್ಕೆ ಬಗ್ಗಿ, ಹುಳು ಕೊರೆದ ತೂತಿದೆಯೇ ಎಂದು ಬೆರಳಾಡಿಸುತ್ತಾ ಮೇಲೇರಿ, ಕೊನೆಗಷ್ಟೇ ತೆನೆಯನ್ನು ನೋಡುತ್ತಾರೆ. ಒಪ್ಪಿಗೆಯಾದರೆ ಅದರ ಕೊರಳಿಗೆ ಒಂದು ಚಿಂದಿ. ಕೊಯ್ಲಿನವರು ಚಿಂದಿ ಕಟ್ಟಿದ ತೆನೆಗಳನ್ನು ಬೇರೆಯಾಗಿ ಕೊಯ್ದು ಇಡುತ್ತಾರೆ. ಬರುವ ವರ್ಷದ ಬಿತ್ತನೆಗೆ ಅದೇ ಬೀಜ. ಊರಲ್ಲಿ ಯಾರ ಕೆಂಪು ಸೀರೆ ಹರಿದರೂ ಜಡೆಮ್ಮನ ಮನೆಗೆ ಬರುತ್ತದೆ.

ಜೊತೆಗಿರುವವರು ಊರಿನ ರೈತ ಯುವಕ ಸಂಘದವರು. ಹದಿನಾಲ್ಕರಿಂದ ಇಪ್ಪತ್ತು ವಯಸ್ಸಿನ ಇಪ್ಪತ್ತೆರಡು ಜನ, ಅವರಲ್ಲಿ ಒಂಬತ್ತು ಹುಡುಗಿಯರು. ಹಾಜರಿ ಪುಸ್ತಕ ಇಟ್ಟಿರುವವರು ಕುರುಗೋಡಿನ ಶಾಲಾ ಮೇಷ್ಟರು ಪ್ರಹ್ಲಾದರಾಯರು. ಆ ಪುಸ್ತಕದಲ್ಲಿ ಜಡೆಮ್ಮನ ಹೆಸರಿಲ್ಲ. ವಯಸ್ಸು ಮೀರಿದೆ!

ಮಂಜು ಇರುವಾಗ ತೆನೆ ಮುಟ್ಟಿದರೆ ಕಾಳು ಉದುರುವುದಿಲ್ಲ, ಅದಕ್ಕೇ ಈ ಹೊತ್ತು. ಇನ್ನೊಂದು ಕಾರಣವೂ ಇದೆ: ಎಂಟು ಗಂಟೆಗೆ ಜಡೆಮ್ಮ ಕೂಲಿಗೆ ಹೋಗಬೇಕು. ನೂರು ತೆನೆ ಮುಟ್ಟಿದರೆ ಆರಿಸುವುದು ಎಂಟೋ ಹತ್ತೋ. ಎಕರೆಯ ಬಿತ್ತನೆಗೆ ಐವತ್ತು ತೆನೆ ಬೇಕು. ಈಗ ನಿಂತಿರುವ ಹೊಲ ನಲವತ್ತು ಎಕರೆ, ಎಂದರೆ ಎರಡು ಸಾವಿರ ತೆನೆ, ಐದು ಮುಂಜಾನೆಗಳ ದುಡಿಮೆ. ಹೋದ ವಾರದವರೆಗೆ ಈ ಹೊಲಕ್ಕೆ ಅವರು ಕಾಲಿಡುವಂತಿರಲಿಲ್ಲ.

ಜಡೆಮ್ಮನಿಗೆ ಸ್ವಂತ ಹೊಲವಿಲ್ಲ. ಸಾವಿರದ ಒಂಬೈನೂರ ನಲವತ್ಮೂರರಲ್ಲಿ ಕಾಲರಾದಿಂದ ಗಂಡ ತೀರಿಕೊಂಡ ಮೇಲೆ ಸಿರುಗುಪ್ಪದ ಕಡೆ ಬೀಜ ಬೆಳೆಸುವ ಸರ್ಕಾರಿ ಹೊಲವೊಂದರಲ್ಲಿ ಮೂರು ವರ್ಷ ಕೂಲಿ ಮಾಡಿದರು. ಸಾಹೇಬರ ಹಿಂದೆ ಬುಟ್ಟಿ ಹೊರುವ ಕೆಲಸ. “ಅವರು ಇಂಗ್ಲೀಷು, ತಮಿಳು ಆಡೋರು. ನನಗ ಒಂದೂ ತಿಳೀತಿರಲಿಲ್ಲ. ಯಾವ ತೆನಿ ತಗೋತಾರ, ಯಾವುದು ಒಗೀತಾರ, ಬರೇ ಅದನ್ನ ನೋಡತಿದ್ದೆ,” ಎನ್ನುತ್ತಾರೆ. ಸಾಹೇಬರು ಬದುವಿನ ಅಂಚಿನ ದೊಡ್ಡ ದೊಡ್ಡ ತೆನೆಗಳನ್ನು ಯಾವತ್ತೂ ಬೀಜಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಹೊಲದ ನಡುವೆ, ಹತ್ತರ ಜೊತೆ ಹನ್ನೊಂದಾಗಿ ನಿಂತದ್ದನ್ನೇ ಆರಿಸುತ್ತಿದ್ದರು. ಕಾರಣ ಕೇಳಲು ಜಡೆಮ್ಮನಿಗೆ ಅವರ ಭಾಷೆ ಬರುತ್ತಿರಲಿಲ್ಲ. ಹಾಗಾಗಿ ಕಾರಣವನ್ನು ತಾವೇ ಹುಡುಕಿಕೊಂಡರು: ಅಂಚಿನ ತೆನೆಗೆ ದಾರಿಹೋಕರ ದೃಷ್ಟಿ ತಾಗುತ್ತದೆ.

ಊರಿಗೆ ಮರಳಿ, ಇದನ್ನು ಹುಡುಗರಿಗೆ ಕಲಿಸಹೊರಟಾಗ ಬಾಗಿಲುಗಳು ಮುಚ್ಚಿದವು. ಗಂಡ ಸತ್ತವಳು ಕೊಯ್ಲಿಗೆ ಮುಂಚೆ ಬೆಳೆಯೊಳಗೆ ಹೋಗುವುದೇ? “ಕೊಯ್ಯಾಕ ನಾ ಬೇಕು, ಒಕ್ಕಾಕ ನಾ ಬೇಕು. ನೋಡಾಕ ಮಾತ್ರ ಬ್ಯಾಡ!” ಎಂದು ಈಗ ನಗುತ್ತಾರೆ. ಆಗ ನಕ್ಕಿರಲಿಕ್ಕಿಲ್ಲ. ಮೊದಲ ವರ್ಷ ಎರಡು ಮನೆ ಒಪ್ಪಿದವು. ಆರನೆಯ ವರ್ಷಕ್ಕೆ ಹನ್ನೊಂದು.

ಒಪ್ಪದೆ ಉಳಿದವುಗಳಲ್ಲಿ ದೊಡ್ಡದು ಗೌಡರ ಮನೆ, ತಿಪ್ಪೇರುದ್ರಪ್ಪನವರದು. ಬಿತ್ತನೆ ಕಾಲಕ್ಕೆ ಮೂವತ್ತು ಮನೆಗಳವರು ಬೀಜ ತರುವುದು ಅವರ ಕಣಜದಿಂದಲೇ. ಎರಡು ವರ್ಷದ ಹಿಂದೆ ಆ ಬೀಜದ ಜೊತೆ ಕಾಡಿಗೆ ರೋಗ ಬಂತು. ಮೂವತ್ತೂ ಮನೆಗಳ ತೆನೆಯಲ್ಲಿ ಕಾಳಿನ ಬದಲು ಕಪ್ಪು ಪುಡಿ. ಆ ಪುಡಿ ಕಣದಲ್ಲಿ ಒಳ್ಳೆಯ ಕಾಳಿಗೂ ಅಂಟುತ್ತದೆ. ಗೌಡರ ಹೊಲದಲ್ಲೇ ರೋಗವಿಲ್ಲದ ತೆನೆ ಆರಿಸಿ, ಕಾಳಿಗೆ ಗಂಧಕ ಹಚ್ಚಿ ಇಡದ ಹೊರತು ಉಳಿದ ಹನ್ನೊಂದು ಮನೆಗಳ ಶ್ರಮ ನೀರಿನಲ್ಲಿ ಹೋಮ. ಜಡೆಮ್ಮ ಹೋಗಿ ಕೇಳಿದರು. “ಬಳ್ಳಾರಿ ಪ್ರದರ್ಶನದಾಗ ಶೀಲ್ಡು ಗೆದ್ದು ಬಾ, ನಲವತ್ತೆಕರೆ ಬಿಡತೀನಿ,” ಎಂದರು ತಿಪ್ಪೇರುದ್ರಪ್ಪ.

ಆ ಬೆಳೆ ಪ್ರದರ್ಶನದಲ್ಲಿ ಶೀಲ್ಡು ಸಿಗುವುದು ಅತಿ ಭಾರದ ತೆನೆಗೆ. ಸಂಘದ ಹುಡುಗರು ಒಂದು ದೈತ್ಯ ತೆನೆಯನ್ನು ಹುಡುಕಿಟ್ಟಿದ್ದರು. ಆದರೆ ಅದು ಬದುವಿನ ಅಂಚಿನದು. ಅದನ್ನು ಒಯ್ಯಲು ಜಡೆಮ್ಮ ಬಿಡಲಿಲ್ಲ. “ಬೀಜಕ್ಕ ಬ್ಯಾಡಾದದ್ದು ಬಹುಮಾನಕ್ಕ ಯಾಕ ಬೇಕು?” ಹುಡುಗರು ಎರಡು ದಿನ ಮಾತು ಬಿಟ್ಟರು. ಕಳೆದ ತಿಂಗಳ ಕೊನೆಗೆ ಬಳ್ಳಾರಿಯ ಕಂಟೋನ್ಮೆಂಟ್ ಮೈದಾನದಲ್ಲಿ ಬಾದನಹಟ್ಟಿಯ ನಡುಹೊಲದ ತೆನೆಗಳು ತಕ್ಕಡಿಯೇರಿದವು, ಇಳಿದವು. ಶೀಲ್ಡು ಸಿರುಗುಪ್ಪದ ಕಡೆಯ ಊರಿಗೆ ಹೋಯಿತು.

ಮುಂದೆ ನಡೆದದ್ದನ್ನು ಹೇಳುವವರು ಪ್ರಹ್ಲಾದರಾಯರು. ಜಡೆಮ್ಮ ಹುಡುಗರಿಗೆ ಕುಡಿಯುವ ನೀರು ಹುಡುಕಿಕೊಂಡು ಹೋಗಿದ್ದರು. ಪ್ರದರ್ಶನಕ್ಕೆ ಬಂದಿದ್ದ ತಿಪ್ಪೇರುದ್ರಪ್ಪ ಮೇಜಿನ ಬಳಿ ನಿಂತು ಕೆಣಕಿದರು.

“ಏನ್ ಪಾಪ, ನಮ್ಮ ಬದುವಿನ ಮ್ಯಾಲಿನ ತೆನಿ ತಂದಿದ್ರ ಗೆಲ್ಲತಿದ್ರಿ. ನಿಮ್ಮ ಜಡೆಮ್ಮಗ ಬುದ್ಧಿ ಕಮ್ಮಿ.”

ಎದುರಿಗಿದ್ದವಳು ಪಾರಮ್ಮ. ಸಂಘದ ಹದಿನಾರರ ಹುಡುಗಿ, ಎರಡೆಕರೆಯ ರೈತ ಎರ್ರೆಪ್ಪನ ಮಗಳು.

“ಬುದ್ಧಿ ಕಮ್ಮಿ ಇಲ್ರಿ ಗೌಡ್ರ. ಹೋದ ವರ್ಷ ನಾ ಹಾಕಿ ನೋಡೀನಿ. ಬದುವಿನ ದೊಡ್ಡ ತೆನಿ ಬೀಜ ನಮ್ಮ ಹೊಲದ ನಡುವ ಹಾಕಿದೆ, ಸಣ್ಣವೇ ಬಂದ್ವು. ನಡುವಿನ ತೆನಿ ಬೀಜ ತಿಪ್ಪಿ ಪಕ್ಕ ಹಾಕಿದೆ, ಮೊಳದುದ್ದ ಬಂತು. ಅಂಚಿನಾಗ ಬೆಳಕು ಜಾಸ್ತಿ, ಗೊಬ್ಬರ ಜಾಸ್ತಿ, ಪಾಲಿಗೆ ಬರೋರು ಕಮ್ಮಿ. ಅದು ಜಾಗದ ಬಲ. ಬೀಜದ ಬಲ ನೋಡಬೇಕಂದ್ರ ನಡುವ ನೋಡಬೇಕ್ರಿ.”

“ನಾ ಇಷ್ಟು ವರ್ಷ ಬದುವಿಂದೇ ಬೀಜ ಆರಿಸೀನಲ್ಲಲೇ!”

“ಅದಕ್ಕ ಹೇಳಿದ್ನ್ರಿ.”

ತಿಪ್ಪೇರುದ್ರಪ್ಪ ಗೆದ್ದ ತೆನೆಯನ್ನೊಮ್ಮೆ, ಸೋತ ತೆನೆಯನ್ನೊಮ್ಮೆ ಕೈಯಲ್ಲಿ ಹಿಡಿದು ನೋಡಿ, ಮೇಜಿನ ಮೇಲಿಟ್ಟು ಹೋದರು. ನಾಲ್ಕನೆಯ ದಿನ ಅವರ ಆಳು ಜಡೆಮ್ಮನ ಬಾಗಿಲಿಗೆ ಬಂದ: “ಗೌಡ್ರು ನಲವತ್ತೆಕರೆನೂ ನೋಡ್ಕೋ ಅಂದಾರ.”

ಬಿಸಿಲು ಏರುತ್ತಿದೆ. ಹುಡುಗರು ಒಬ್ಬೊಬ್ಬರಾಗಿ ಹೊಲದಿಂದ ಹೊರಬಂದು ಕಾಲಿನ ಮಣ್ಣು ಒರೆಸಿಕೊಳ್ಳುತ್ತಿದ್ದಾರೆ. ಹೊಲ ಸಿಕ್ಕಿದ್ದಕ್ಕೆ ಹೆಮ್ಮೆಯಾಯಿತೇ ಎಂದು ಕೇಳಿದರೆ ಜಡೆಮ್ಮ ಅಲ್ಲವೆಂಬಂತೆ ತಲೆಯಾಡಿಸುತ್ತಾರೆ. ಹೊಲದ ಮಾತು ಹಾಗಿರಲಿ, ಅವರು ಹೇಳಬೇಕೆಂದಿರುವುದು ಬೇರೆ.

“ಆರು ವರ್ಷ ಈ ಹುಡುಗ್ರಿಗೆ ದೃಷ್ಟಿ, ದೃಷ್ಟಿ ಅಂತ ಹೇಳೀನ್ರಿ. ಮೇಷ್ಟ್ರು ಪಾರಮ್ಮನ ಮಾತು ಹೇಳಿದಾಗ ಮೊದಲು ನಾಚಿಕಿ ಆತು. ಮನಿಗೆ ಹೋಗಿ ಕುಂತು ಯೋಚನಿ ಮಾಡಿದೆ. ಅಕಿ ಮಾತೇ ಖರೆ.” ಕೂಲಿಗೆ ತಡವಾಗುತ್ತಿದೆ, ಕುಡುಗೋಲು ಕೈಗೆತ್ತಿಕೊಂಡು ಹೊರಟೇಬಿಡುತ್ತಾರೆ. ನಾಲ್ಕು ಹೆಜ್ಜೆ ಹೋಗಿ ತಿರುಗಿ ನಿಲ್ಲುತ್ತಾರೆ.

“ಹೇಳಿಕೊಟ್ಟಿದ್ದು ಒಪ್ಪಿಸೋರು ಭಾಳ ಮಂದಿ ಸಿಗತಾರ್ರಿ. ನನ್ನ ತಪ್ಪು ತಿದ್ದಾಕಿ ಒಬ್ಬಾಕಿ ತಯಾರಾಗ್ಯಾಳ. ಬರಕೊಳ್ಳೋದಿದ್ರ ಅದನ್ನ ಬರಕೊಳ್ರಿ.”