ಕಣ್ಣಿಡುವ ಕೆಲಸ

ಎಂಬತ್ತರ ದಶಕದ ಕೊನೆಯ ಮಾತು. ನಮ್ಮ ನೌಕಾಪಡೆಯೂ ನೆರೆಯ ದೇಶದ್ದೂ ಸೇರಿ ಸಮುದ್ರದಲ್ಲಿ ಗಸ್ತು ತಿರುಗುತ್ತಿದ್ದವು. ಅದರ ಮಾತುಕತೆಗೆಂದು ಮದ್ರಾಸಿನಿಂದ ದೆಹಲಿಗೆ ಹೊರಟಿದ್ದ ಅವರ ಲೆಫ್ಟಿನೆಂಟ್ ಒಬ್ಬನ ಜೊತೆ ನನ್ನನ್ನು ರೈಲು ಹತ್ತಿಸಿದರು. ಹೆಸರಿಗೆ ನಾನು ಸಹಾಯಕ, ನಿಜವಾದ ಕೆಲಸ ಅವನ ಮೇಲೆ ಕಣ್ಣಿಡುವುದು.

ನಾಗಪುರ ಬರುವ ಹೊತ್ತಿಗೆ ಆ ಸೆಕೆಗೆ ನನಗೆ ಜೊಂಪು ಹತ್ತಿತ್ತು. ಕಣ್ಣು ಬಿಟ್ಟರೆ ಗಾಡಿ ನಿಂತಿದೆ, ಎದುರಿನ ಸೀಟು ಖಾಲಿ! ಪ್ಲಾಟ್‌ಫಾರ್ಮಿಗೆ ಹಾರಿ, ಸಿಕ್ಕ ರೈಲ್ವೆ ಪೊಲೀಸಿಗೆ ಅವನ ಗುರುತು ಹೇಳಿ, "ಜಲ್ದಿ ಹುಡುಕು" ಎಂದು ಅಟ್ಟಿದೆ.

ಗಾರ್ಡ್ ಸೀಟಿ ಊದುವಷ್ಟರಲ್ಲಿ ಪೊಲೀಸು ಅವನನ್ನು ಕಳ್ಳನ ಹಾಗೆ ರಟ್ಟೆ ಹಿಡಿದು ಎಳೆತಂದ. "ಯಹೀ ಹೈ ಕ್ಯಾ, ಸಾಬ್?"

ಲೆಫ್ಟಿನೆಂಟನ ಕೈಯಲ್ಲಿ ನನ್ನ ನೀರಿನ ಬಾಟಲಿ ಇತ್ತು. ಅದು ಖಾಲಿಯಾಗಿದ್ದನ್ನು ನೋಡಿ ನಲ್ಲಿಗೆ ಹೋಗಿದ್ದನಂತೆ. ಅವನ ಮುಖ ನೋಡಲಾಗದೆ ತಲೆ ತಗ್ಗಿಸಿದೆ.

ಗಾಡಿ ಹೊರಟ ಮೇಲೆ ಅವನು ಬಾಟಲಿ ನನಗೆ ಕೊಟ್ಟು ಮೆಲ್ಲಗೆ ಹೇಳಿದ: "ನಿಮ್ಮ ಆಫೀಸರು ನಮ್ಮಲ್ಲಿಗೆ ಬಂದಾಗ ಈ ಕೆಲಸ ನನ್ನದಾಗಿತ್ತು. ನಾನು ನಿದ್ದೆ ಮಾಡಲಿಲ್ಲ, ಅಷ್ಟೆ."

ಆಮೇಲೆ ದೆಹಲಿಯವರೆಗೂ ಅವನು ಗೊರಕೆ ಹೊಡೆದ. ಕಾಯಲು ನಾನಿದ್ದೆನಲ್ಲ.